ಹೇಳ್ರಿ, ಮುಟ್ಟಬ್ಯಾಡ್ರಿ

ನಮ್ಮ ಮನಿ ಗ್ರೂಪಿನಾವ್ರೆಲ್ಲಾರೂ ಓದ್ರಿ, ಮೂಡಲಗಿ, ಹುಕ್ಕೇರಿ ಬೀಗರೂ ಓದ್ರಿ. ಇವತ್ತ ಮುಂಜಾನೆ ನನ್ನ ಮೊಮ್ಮಗಳು ಪದ್ಮಾ ನಮ್ಮೂರ ಹಾಲಿನ ಡೇರಿಯಾಗ ಗೆದ್ದಳು.

ಹಾಲಿನ ತೂಕ ಕಂಪ್ಯೂಟರ್ ಪರದಿ ಮ್ಯಾಲ ತೋರ್ಸೂ ಪ್ರೋಗ್ರಾಂ ಆಕೀನ ಬರದಾಳ. ನಿನ್ನಿ ಅದು ನಡುವ ಕೆಟ್ಟು ನಿಂತಿತ್ತು. "ನಾಳೆನೂ ನಿಂತರ ತಗದು ಒಗೀತೇನಿ" ಅಂದಿದ್ದ ಡೇರಿ ಸೆಕ್ರೆಟರಿ.

"ತಪ್ಪು ಸಿಕ್ಕತಬೇ ಅಜ್ಜಿ" ಅಂದ್ಲು ಪದ್ಮಾ ರಾತ್ರಿ. "ಪ್ರೋಗ್ರಾಂನ್ಯಾಗ ಒಮ್ಮೆಲೆ ಕೆಲಸ ಮಾಡೂ ಎರಡು ಎಳಿ ಅದಾವು, ಥ್ರೆಡ್ ಅಂತಾರ. ಒಂದು ಹಿಂದ ಕುಂತು ತೂಕ ಓದತೈತಿ, ಇನ್ನೊಂದು ಪರದಿ ಮ್ಯಾಲ ಬರೀತೈತಿ. ಓದೂದು ತಾನೂ ಪರದಿಗೆ ಕೈ ಹಾಕತಿತ್ತು, ಅದಕ್ಕ ಕೆಟ್ಟು ನಿಲ್ಲತಿತ್ತು. ಈಗ ಅದು ಬರೇ ಹೇಳತೈತಿ, ಬರಿಯೂದು ಇನ್ನೊಂದು."

"ಅಂದ್ರ ನಮ್ಮ ಮಡಿ ಅಡಗಿ ಇದ್ದಂಗ. ಒಲಿ ಮುಂದ ಒಬ್ಬಾಕಿ, ಉಳದಾವ್ರು ಹೊಸ್ತಿಲದಾಚೆ ನಿಂತು ಕೇಳಬೇಕು" ಅಂದೆ ನಾನು.

"ಹೂನಬೇ, ಅದ."

ಇವತ್ತ ಊರ ಹಾಲೆಲ್ಲಾ ತೂಗಿ ಮುಗದರೂ ಪರದಿ ಒಮ್ಮೆನೂ ನಿಲ್ಲಲಿಲ್ಲ. ಸೆಕ್ರೆಟರಿ "ನಾನೂ ನೋಡತೇನಿ ತಾಳ" ಅಂತ ಕೀಬೋರ್ಡಿಗೆ ಕೈ ಚಾಚಿದ.

"ಕಾಕಾ, ಏನ್ ಬೇಕು ಹೇಳ್ರಿ, ಮುಟ್ಟಬ್ಯಾಡ್ರಿ" ಅಂದ್ಲು ಪದ್ಮಾ.

ಹಾಲು ತಂದ ಹೆಣ್ಮಕ್ಕಳೆಲ್ಲಾ ನಕ್ಕರು. ಅಂವ ಹಿಂದ ಸರದು ಬಾಗಲದಾಗ ನಿಂತ.

ನಮ್ಮ ಮನಿ ಗಂಡಸರಿಗೆ ಇಷ್ಟು ಕಲಿಸಾಕ ನನಗ ಅರ್ಧ ಜನ್ಮ ಹಿಡೀತು. ಕಂಪ್ಯೂಟರ್ ಪಾಪ, ಒಂದ ದಿನದಾಗ ಕಲತೈತಿ.