ಹೊರಗೆ ಉಗುಳಿದ ಕವಳ

ಭಟ್ಕಳದಿಂದ ಕುಮಟೆಗೆ ಬಸ್ಸಿನಲ್ಲಿ ಹೊರಟಿದ್ದೆ. ಅಲ್ಲಿನ ಕಾಲೇಜಿನಲ್ಲಿ ಪರಿಸರ ಅರ್ಥಶಾಸ್ತ್ರದ ಬಗ್ಗೆ ನನ್ನ ಉಪನ್ಯಾಸವಿತ್ತು. ಒಬ್ಬನ ಸುಖದ ಖರ್ಚು ಇನ್ನೊಬ್ಬನ ತಲೆಗೆ ಬೀಳುವುದಕ್ಕೆ ನಾವು ಮೇಷ್ಟ್ರುಗಳು ‘ಬಾಹ್ಯ ಪರಿಣಾಮ’ ಅನ್ನುತ್ತೇವೆ. ಬಸ್ಸು ಹೊನ್ನಾವರದಲ್ಲೇ ತಡಮಾಡಿತ್ತು. ಗಡಿಯಾರ ನೋಡಿ ನೋಡಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕರ್ಕಿ ದಾಟುವಾಗ ಮುಂದಿನ ಸೀಟಿನ ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ, ಜಗಿಯುತ್ತಿದ್ದ ಎಲೆಅಡಿಕೆಯ ಕವಳ ಉಗುಳಿದರು. ಅರ್ಧ ರಸ ಗಾಳಿಗೆ ತಿರುಗಿ, ನನ್ನ ಕಿಟಕಿಯಿಂದ ಒಳಬಂದು, ಬಿಳಿ ಅಂಗಿಯ ಮೇಲೆ ಬಿತ್ತು.

“ಎಂತ ಮಾರಾಯ್ರೆ ಇದು!” ಎಂದು ಕೂಗಿದೆ.

ಅವರು ತಿರುಗಿ ನೋಡಿ ನಿಜಕ್ಕೂ ನೊಂದುಕೊಂಡರು. “ನಾ ಹೊರಗೇ ಉಗ್ದದ್ದು. ಹೊರಗೆ ಹೋದ್ಮೇಲೆ ಅದು ನಂದಲ್ಲ, ಗಾಳೀದು.”

“ನಿಮ್ಮ ಹೊರಗೆ ಅಂದ್ರೆ ನನ್ನ ಅಂಗಿ!”

“ಆತು, ಆತು. ಸಿಟ್ಟು ಬಿಡಿ,” ಎಂದವರೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ತಂಬಾಕು ಇಟ್ಟು, ಮಡಚಿ ನನ್ನ ಕೈಗೆ ಕೊಟ್ಟರು. ನಮ್ಮ ಕಡೆ ಕೊಟ್ಟ ಕವಳ ಬೇಡ ಎಂದರೆ ಜಗಳ ಇನ್ನೂ ಇದೆ ಎಂದೇ ಅರ್ಥ. ಬಾಯಿಗೆ ಹಾಕಿಕೊಂಡೆ.

ಕುಮಟೆ ಇನ್ನೂ ದೂರವಿತ್ತು, ಬಾಯಿ ತುಂಬಿಬಂತು. ನುಂಗಿದರೆ ತಲೆ ತಿರುಗುತ್ತದೆ. ಉಗುಳೋಣವೆಂದರೆ ಇರುವುದು ಅದೇ ಕಿಟಕಿ. ಕೆನ್ನೆ ಉಬ್ಬಿಸಿಕೊಂಡು ಮೆಲ್ಲಗೆ ಹಿಂದೆ ತಿರುಗಿದೆ. ಹಿಂದಿನ ಸೀಟಿನ ಹೆಂಗಸು ನನ್ನ ಕೆನ್ನೆಯನ್ನೊಮ್ಮೆ ನೋಡಿ ತಮ್ಮ ಕಿಟಕಿಯ ಗಾಜು ಎಳೆದುಕೊಂಡರು.

ನಾನಿನ್ನೂ ಉಗುಳಿರಲಿಲ್ಲ. ಆದರೆ ಆ ಸೆಕೆಯಲ್ಲಿ ಅವರಾಗಲೇ ಬೆವರತೊಡಗಿದ್ದರು.