ಬೂಟುಗಾಲು ಒಲ್ಲದ ಶಿವಮಲ್ಲಪ್ಪ

ಕೌದಳ್ಳಿಯ ಸೈಕಲ್ ರಿಪೇರಿ ಶಿವಮಲ್ಲಪ್ಪ ಪ್ರತಿ ಸೋಮವಾರ ತಾನೇ ಮಾಡಿದ ಮರಗಾಲನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಮೈಸೂರು ಬಸ್ಸು ಹತ್ತುತ್ತಿದ್ದ. ಯಾರಾದರೂ ತಗುಲಿದರೆ "ಕಾಲು ಅದೆ ಕಣ್ರಿ, ನೋಡ್ಕಂಡು ಕೂತ್ಕಳಿ" ಎಂದು ಗದರುತ್ತಿದ್ದ. ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಅದು ಗಟ್ಟಿಯೇ ಎಂದು ನೋಡಲು ಯಂತ್ರಕ್ಕೆ ಕಟ್ಟಿ ಲಕ್ಷ ಹೆಜ್ಜೆ ನಡೆಸಿ, ಕಾಲು ತಯಾರಿಸುವ ಕಂಪನಿಗೆ ಕೊಡಲೆಂದು ನಕ್ಷೆ ಬರೆದು, ತುದಿಗೊಂದು ಬೂಟು ಸೇರಿಸಿದ್ದರು. "ಬೂಟುಗಾಲು ಅಡ್ಗೆಮನೆಗೆ ಓಗಾಂಗಿಲ್ಲ ಸಾ" ಎಂದು ಇವನು ವಾರವಾರವೂ ತಕರಾರು ತೆಗೆಯುತ್ತಿದ್ದ. ಕೊನೆಗೆ ಮೇಷ್ಟ್ರೇ ಊರಿಗೆ ಬಂದರು. ಒಂದು ಕಾಲಿಲ್ಲದ ಅವನ ಹೆಂಡತಿ ಪುಟ್ಟಬಸಮ್ಮ, ಆ ನಕ್ಷೆಯಂತೆ ಕಾಲೇಜು ಮಾಡಿಸಿಕೊಟ್ಟಿದ್ದ ಬೂಟುಗಾಲನ್ನು ಅಡುಗೆಮನೆಯ ಹೊಸ್ತಿಲ ಹೊರಗೆ ಕಳಚಿಟ್ಟು, ತೆವಳಿಕೊಂಡು ಒಳಗೆ ಹೋಗಿ ಮಜ್ಜಿಗೆ ತಂದಳು. ಮೇಷ್ಟ್ರು ನಕ್ಷೆಯ ಬೂಟು ಅಳಿಸಿ ಐದು ಬೆರಳು ಬರೆದರು. ಶಿವಮಲ್ಲಪ್ಪ ಬಗ್ಗಿ ನೋಡಿ, "ಎರಡ್ನೇ ಬೆರ್ಳು ಒಸಿ ಉದ್ದ ಇರ್ಲಿ ಸಾ, ಕಾಲುಂಗ್ರ ಆಕ್ಬೇಕು" ಎಂದ.