ಬೆಡ್‌ಶೀಟಿನ ಮೇಲಿನ ಹನ್ನೊಂದನೇ ಸಾಲು

ಲಾಂಡ್ರಿಯ ಒಗೆಯುವ ವಿಭಾಗದ ದೊಡ್ಡಕ್ಕನಿಗೆ ಮೂರು ತಿಂಗಳ ಸಂಬಳ ಇನ್ನೂ ಬರಬೇಕಿದೆ. ಎದೆ ಸುಟ್ಟುಕೊಂಡು ಮನೆಯಲ್ಲಿ ಬಿದ್ದಿರುವ ಹೆಂಗಸಿಗೆ ಕಂಪನಿ ಕೊಟ್ಟ ಉತ್ತರ ಒಂದೇ: ತಪ್ಪು ಅವಳದು, ತರಬೇತಿಯ ಸ್ಲೈಡಿನಲ್ಲಿ ಎಲ್ಲ ಬರೆದಿತ್ತು. ಆ ಸ್ಲೈಡು ಮಾಡಿದವನನ್ನು ಲಾಂಡ್ರಿಯ ಯೂನಿಯನ್ನಿನ ನಾವೆಲ್ಲ ಬೋರ್ಡಣ್ಣ ಅನ್ನುತ್ತೇವೆ. ಈ ಕತೆ ಅವನದು.

ಮೊದಲು ಅವನು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಓಡುವ ಬಸ್ಸಿನಿಂದ ಓದಲಾಗದಿದ್ದರೆ ಅದು ಬೋರ್ಡಲ್ಲ, ಗೋಡೆಗೆ ಹತ್ತಿದ ಕೊಳೆ ಎಂದು ಕೆಲಸ ಕಲಿಸಿದ ಸೋದರಮಾವ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ಷು ಒಣಗಿತು, ಏಣಿ ಬಟ್ಟೆ ಒಣಹಾಕುವುದಕ್ಕಾಯಿತು. ಮಗಳು ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಅವನೂ ಹೋಗಿ ಕೂತ. ಹುಡುಗರು ನಕ್ಕರು. ನಗಲಿ ಬಿಡು, ನಗುವುದಕ್ಕೇನು ದುಡ್ಡು ಕೊಡಬೇಕೇ ಎಂದು ಕಲಿತ. ಹಾಗೆ ಲಾಂಡ್ರಿಯ ತರಬೇತಿ ವಿಭಾಗ ಸೇರಿದ. ಆಸ್ಪತ್ರೆ, ಹೋಟೆಲುಗಳ ಹೊದಿಕೆ, ಟವೆಲ್ಲು ಲಾರಿಗಟ್ಟಲೆ ಬಂದು ಬೀಳುವ ಜಾಗ ಅದು. ಹೊಸ ಯಂತ್ರ, ಹೊಸ ಔಷಧಿ ಬಂದಾಗಲೆಲ್ಲ ಕೆಲಸಗಾರರನ್ನು ಕೂರಿಸಿ ತೋರಿಸುವ ಸ್ಲೈಡು ಮಾಡುವುದು ಇವನ ಕೆಲಸ.

ಆ ಲಾಂಡ್ರಿಯಲ್ಲಿ ಒಂದು ರೂಢಿ. ಸ್ಲೈಡು ಐದು ಮೇಜು ಸುತ್ತಿ ಬರಬೇಕು. ಯಾವ ಮೇಜಿನವರೂ ಸುಮ್ಮನೆ ಒಪ್ಪಿಗೆ ಕೊಡುವುದಿಲ್ಲ. ಕೊಟ್ಟರೆ ನೋಡಿಯೇ ಇಲ್ಲವೇನ್ರೀ ಎಂದು ಮೇಲಿನವರು ಕೇಳುತ್ತಾರೆ. ಆದ್ದರಿಂದ ಪ್ರತಿ ಮೇಜಿನವರೂ ತಮ್ಮದೊಂದು ಸಾಲು ಸೇರಿಸುತ್ತಾರೆ. ಇನ್ನೊಬ್ಬರ ಸಾಲು ಅಳಿಸುವಂತಿಲ್ಲ. ಅಳಿಸಿದರೆ ಅವರ ಮುಖಕ್ಕೆ ಉಗಿದ ಹಾಗೆ. ಸಾಲು ಏರಿದಷ್ಟೂ ಅಕ್ಷರ ಕುಗ್ಗುತ್ತದೆ.

ತುಕ್ಕಿನ ಕಲೆ ತೆಗೆಯುವ ಹೊಸ ಆಸಿಡ್ ಬಂದಾಗ ಬೋರ್ಡಣ್ಣ ಮಾಡಿದ್ದ ಸ್ಲೈಡು ನನಗೆ ಗೊತ್ತು. ಎರಡು ಡ್ರಮ್ಮಿನ ಚಿತ್ರ, ಒಂದು ಬ್ಲೀಚು, ಒಂದು ಆಸಿಡ್. ನಡುವೆ ದಪ್ಪನೆಯ ಅಡ್ಡಗೀಟು. ಕೆಳಗೆ ಬಿಳಿ ಮೇಲೆ ಕಪ್ಪಾಗಿ: "ಇವೆರಡೂ ಸೇರಬಾರದು. ಮೊದಲು ತೊಟ್ಟಿ ತೊಳೆಯಿರಿ." ಅಷ್ಟೇ. ಓದು ಬಾರದವರಿಗೂ ಚಿತ್ರ ಸಾಕು.

ಐದು ಮೇಜು ಸುತ್ತಿ ಬಂದದ್ದು ಬೇರೆಯೇ. ಆಸಿಡ್ಡಿನ ಗುಣಗಾನ, ಉಳಿತಾಯದ ಲೆಕ್ಕ, ಗುಣಮಟ್ಟದ ಶಪಥ, ಅದರ ಕೆಳಗೆ ಹನ್ನೊಂದನೇ ಸಾಲಾಗಿ ತೊಟ್ಟಿ ತೊಳೆಯುವ ಮಾತು. ಬಣ್ಣವೂ ಹೋಯಿತು. ಕಂಪನಿಯ ಬಣ್ಣ ತಿಳಿನೀಲಿ, ಅದರ ಮೇಲೆ ಬಿಳಿ ಅಕ್ಷರ ಇರಲಿ ಎಂದು ಮೂರನೇ ಮೇಜಿನವರು ಬಯಸಿದರು. ಡ್ರಮ್ಮಿನ ಚಿತ್ರ ಮೂಲೆಯಲ್ಲಿ ಅಂಚೆ ಚೀಟಿಯಾಗಿ ಕೂತಿತ್ತು.

"ಸಾರ್, ಇದು ಹಿಂದೆ ಕೂತವರಿಗೆ ಕಾಣಲ್ಲ," ಅಂದ ಬೋರ್ಡಣ್ಣ.

"ಎಲ್ಲಾ ವಿಷಯ ಬಂತಲ್ಲಪ್ಪ, ಇನ್ನೇನು ಬೇಕು ನಿಂಗೆ? ನಾಳೆ ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನೋ ಹಾಗಿರಬಾರದು," ಅಂದರು ಸುರಕ್ಷತಾ ಅಧಿಕಾರಿ.

ಬೋರ್ಡಣ್ಣ ಆ ಸ್ಲೈಡನ್ನೇ ತರಬೇತಿಗೆ ಕಳಿಸಿದ. ಮೊದಮೊದಲು ವಾದ ಮಾಡುತ್ತಿದ್ದ. ವರ್ಷಗಳಾದ ಮೇಲೆ ಕತ್ತು ನೋಯುತ್ತದೆ, ಕಣ್ಣು ಉರಿಯುತ್ತದೆ, ಮನೆಗೆ ಹೋಗಿ ಅಡ್ಡಾದರೆ ಸಾಕು ಅನ್ನಿಸುತ್ತದೆ. ಎಂಟು ಗಂಟೆ ನಿಂತು ದುಡಿದವರು ದಣಿದಿರುವುದು ಎಲ್ಲರಿಗೂ ಕಾಣುತ್ತದೆ. ಕೂತು ಸೋತವನ ದಣಿವು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ತೋರಿಸುವ ಜಾಗ ನೋಡಬೇಕು ನೀವು. ಬೇರೆಯವರು ಪ್ರೊಜೆಕ್ಟರಿಗೆ ಪರದೆ ಕೊಳ್ಳುತ್ತಾರೆ. ನಮ್ಮಲ್ಲಿ ಬಿಳುಪೇ ಹೆಮ್ಮೆಯಲ್ಲವೇ, ನಮ್ಮದೇ ಇಸ್ತ್ರಿ ಮಾಡಿದ ಬೆಡ್‌ಶೀಟು ಕಟ್ಟುತ್ತಾರೆ. ಅದೂ ಕಿಟಕಿಗೆ ಅಡ್ಡವಾಗಿ. ಮಧ್ಯಾಹ್ನದ ಬಿಸಿಲು ಹಿಂದಿನಿಂದ ತೂರಿ ಬರುತ್ತದೆ, ಫ್ಯಾನಿನ ಗಾಳಿಗೆ ಶೀಟು ಹೊಟ್ಟೆ ಉಬ್ಬಿಸುತ್ತದೆ, ಅಕ್ಷರಗಳು ಅದರ ಜೊತೆ ಉಸಿರಾಡುತ್ತವೆ. ಮುಂದಿನ ಕುರ್ಚಿ ಮೇಲ್ವಿಚಾರಕರಿಗೆ. ಒಗೆಯುವವರು ಹಿಂದೆ, ಬಟ್ಟೆಗಂಟುಗಳ ಮೇಲೆ. ತಿಳಿನೀಲಿ ಮೇಲೆ ಬಿಳಿ ಅಕ್ಷರ, ಬಿಳಿ ಶೀಟಿನ ಮೇಲೆ ಬಿಸಿಲು! ದೊಡ್ಡಕ್ಕ ಪಕ್ಕದವಳಿಗೆ, "ಶೀಟು ಚೆನ್ನಾಗಿ ಒಗ್ದಿದ್ದೀವಿ ಕಣೇ, ಒಂದು ಕಲೆನೂ ಕಾಣ್ತಿಲ್ಲ," ಅಂದಳಂತೆ. ಗಂಟುಗಳ ಮೇಲಿದ್ದವರೆಲ್ಲ ನಕ್ಕರು. ನಕ್ಕವರೆಲ್ಲ ಹೊರಗೆ ಹೋಗುವಾಗ "ನೋಡಿ ಅರ್ಥಮಾಡಿಕೊಂಡಿದ್ದೇನೆ" ಎಂಬುದರ ಕೆಳಗೆ ಸಹಿ ಹಾಕಿದರು.

ಕೆಲವು ದಿನಗಳ ಮೇಲೆ ದೊಡ್ಡಕ್ಕ ತಳದಲ್ಲಿ ಬ್ಲೀಚು ಉಳಿದಿದ್ದ ತೊಟ್ಟಿಗೆ ಆಸಿಡ್ ಸುರಿದಳು. ಎದೆ ಸುಡುವ ಹಳದಿ ಹೊಗೆ ಎದ್ದಿತು. ಪಕ್ಕದವರನ್ನು ಆಚೆ ನೂಕಿ ಕೊನೆಗೆ ಹೊರಬಿದ್ದವಳು ಅವಳೇ.

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ. ಕಿಟಕಿಗೆ ಪರದೆ, ಮೇಜಿನ ಮೇಲೆ ಲ್ಯಾಪ್‌ಟಾಪು, ಮುಖದಿಂದ ಒಂದು ಮೊಳದಲ್ಲಿ ಸ್ಲೈಡು.

"ಇದು ನೀನೇ ಮಾಡಿದ್ದು ತಾನೆ?" ಕೇಳಿದರು ಮ್ಯಾನೇಜರು.

"ಹೌದು ಸಾರ್."

"ತೊಟ್ಟಿ ತೊಳೆಯೋ ಮಾತು ಇದರಲ್ಲಿ ಇದೆಯೋ ಇಲ್ವೋ?"

"ಇದೆ ಸಾರ್, ಆದ್ರೆ..."

"ಇದೆ ಅಂದಮೇಲೆ ಆಯ್ತಲ್ಲ. ನೀನಿನ್ನು ಹೊರಡು."

ಆ 'ಆದ್ರೆ'ಯನ್ನು ಯಾರೂ ಬರೆದುಕೊಳ್ಳಲಿಲ್ಲ. ಅವನೂ ಬಾಗಿಲಲ್ಲಿ ನಿಂತು ಮತ್ತೆ ಹೇಳಲಿಲ್ಲ. ಕೆಲಸಗಾರ್ತಿಯ ನಿರ್ಲಕ್ಷ್ಯ ಎಂದು ತೀರ್ಪಾಯಿತು. ನಿರ್ಲಕ್ಷ್ಯಕ್ಕೆ ರಜೆಯ ಸಂಬಳವಿಲ್ಲ.

ಮನೆಯಲ್ಲಿ ಹೆಂಡತಿ ಬಿಡಲಿಲ್ಲ. "ಏನ್ರೀ, ಇದ್ದಿದ್ದು ಇದೆ ಅಂದ್ರಿ, ಸುಳ್ಳೇನಲ್ಲ. ಹಾಗಿದ್ರೆ ತಟ್ಟೆ ಮುಂದೆ ಕೂತು ಅನ್ನ ಯಾಕೆ ಕೆದಕ್ತಿದ್ದೀರಿ? ಹೋಗಿ ಅವಳನ್ನ ನೋಡ್ಕೊಂಡು ಬನ್ನಿ."

ಹೋದ. ದೊಡ್ಡಕ್ಕ ಗೋಡೆಗೆ ಎರಡು ದಿಂಬು ಒರಗಿಸಿ ಕೂತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲ.

"ಬಾ ಬೋರ್ಡಣ್ಣ," ಅಂದಳು, ಮಾತಿಗೊಮ್ಮೆ ಉಸಿರೆಳೆದು. "ಮುಖ ಯಾಕೆ ಹಂಗೆ? ಸತ್ತೋರ ಮನೆಗೆ ಬಂದಂಗೆ ಬಂದಿದ್ದೀಯ. ಇನ್ನೂ ಇದ್ದೀನಿ ಕಣಪ್ಪ."

"ಅಕ್ಕಾ, ಆ ಸ್ಲೈಡು..."

"ಗೊತ್ತು. ನೀನು ಬರ್ದಿದ್ದೆಯಂತೆ. ನಾನೇ ಗಮನ ಕೊಡ್ಲಿಲ್ಲ. ಎರಡಕ್ಷರ ಕಲ್ತಿದ್ದಿದ್ರೆ ಹಿಂಗಾಗ್ತಿರಲಿಲ್ಲ ಅಂತ ಮಗನೂ ಬೈದ. ಹೋಗ್ಲಿ ಬಿಡು, ನಿನ್ನ ಮೇಲೇನೂ ಇಲ್ಲ ನಂಗೆ."

ಅವಳು ಬೈದಿದ್ದರೆ ಬೋರ್ಡಣ್ಣ ತಡೆದುಕೊಳ್ಳುತ್ತಿದ್ದ. ಸಂಬಳ ಹೋಯಿತು, ಎದೆ ಹೋಯಿತು. ಮೇಲೆ ತಪ್ಪೂ ತನ್ನದೇ ಎಂದು ನಂಬಿ ಕೂತಿದ್ದಳು. ಅಲ್ಲಿಂದ ನೇರ ಯೂನಿಯನ್ ಕೋಣೆಗೆ ಬಂದ. ನೀರು ಕೊಟ್ಟೆವು, ಕುಡಿಯಲಿಲ್ಲ. "ಬರ್ಕೊಳ್ಳಿ," ಅಂದ. "ಸ್ಲೈಡಿನಲ್ಲಿ ಇತ್ತು. ಆದ್ರೆ ಗಂಟಿನ ಮೇಲೆ ಕೂತೋರು ಯಾರಿಗೂ ಕಾಣ್ತಿರಲಿಲ್ಲ. ಓದು ಬಂದೋರಿಗೂ ಕಾಣ್ತಿರಲಿಲ್ಲ. ಅದು ನಂಗೆ ಅವತ್ತೇ ಗೊತ್ತಿತ್ತು." ಕೆಳಗೆ ಸಹಿ ಹಾಕಿದ. ಈ ಸಹಿಯಿಂದ ಕೆಲಸ ಹೋಗಬಹುದು ಎಂದು ನಾವು ಎಚ್ಚರಿಸಿದಾಗ, "ಹೋದ್ರೆ ಏಣಿ ಇದೆ," ಅಂದ. ಅದು ಧೈರ್ಯದ ಮಾತಲ್ಲ. ಸುಸ್ತಾದವನ ಮಾತು.

ಆ ಹೇಳಿಕೆ ಹಿಡಿದು ಮರುವಿಚಾರಣೆ ಕೇಳಿದೆವು. ಮ್ಯಾನೇಜರು ಓದಿ, ಹೌದೌದು, ಪರಿಗಣಿಸಬೇಕಾದ ವಿಷಯ ಎಂದು ತಲೆಯಾಡಿಸಿದರು. ಮುಂದಿನ ವಾರ ಲಾಂಡ್ರಿಗೆ ಗೋಡೆಯಷ್ಟು ಅಗಲದ ಹೊಸ ಪರದೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅದರ ಮೇಲೂ ಅದೇ ಹನ್ನೊಂದು ಸಾಲು, ಅದೇ ತಿಳಿನೀಲಿ. ಈಗ ಇನ್ನೂ ದೊಡ್ಡ ಪರದೆಯ ಮೇಲೆ ಕಾಣದಂತಾಯಿತು, ಅಷ್ಟೇ. ಬೋರ್ಡಣ್ಣನನ್ನು ತರಬೇತಿಯಿಂದ ತೆಗೆದು ಗಂಟು ಎಣಿಸುವ ಗೋದಾಮಿಗೆ ಹಾಕಿದರು. ದೊಡ್ಡಕ್ಕನ ಸಂಬಳದ ಮಾತು ಬಂದಾಗ ಮ್ಯಾನೇಜರು ಸಹಿಯ ಹಾಳೆ ಮುಂದಿಟ್ಟರು. "ಕಾಣಲಿಲ್ಲ ಅನ್ನೋನು ಇವನೊಬ್ಬನೇ. ಇವನು ಸ್ಲೈಡು ಮಾಡಿದೋನು, ಗಂಟಿನ ಮೇಲೆ ಕೂತೋನಲ್ಲ. ಕೂತೋರೆಲ್ಲ ಅರ್ಥವಾಯ್ತು ಅಂತ ಬರ್ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರನ್ನಾದ್ರೂ ಕರ್ಕೊಂಡು ಬನ್ನಿ, ನೋಡೋಣ."

ನಾನು ವಿಭಾಗ ಸುತ್ತಿದೆ. ಸಾಕ್ಷಿಗೆ ಕರೆದರೆ ಎಲ್ಲರೂ ಯಂತ್ರದತ್ತ ತಿರುಗಿದರು. "ಸಹಿ ಹಾಕಿಬಿಟ್ಟಿದ್ದೀವಲ್ಲಣ್ಣ, ಈಗ ಹೆಂಗೆ ಇಲ್ಲ ಅನ್ನೋದು?" ಅಂದಳು ದೊಡ್ಡಕ್ಕ ಹೊಗೆಯಿಂದ ಆಚೆ ನೂಕಿದ್ದ ಹುಡುಗಿಯೇ. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅವಳಿಗೂ ಮನೆಯಲ್ಲಿ ಉಣ್ಣುವ ಬಾಯಿಗಳಿವೆ. ಆದರೆ ಹೊಟ್ಟೆಪಾಡಿನ ಈ ಮಾತು ಕೇಳಿ ಕೇಳಿ ನನಗೂ ಸಾಕಾಗಿದೆ.

ಮುಂದಿನ ವಿಚಾರಣೆ ಇನ್ನೂ ಬಾಕಿ ಇದೆ. ಇದನ್ನು ಓದುತ್ತಿರುವ ನೀವು ಆ ಗಂಟುಗಳ ಮೇಲೆ ಕೂತವರಲ್ಲಿ ಒಬ್ಬರಾಗಿದ್ದರೆ, ಮರುಕ ಬೇಡ, ಕಣ್ಣೀರು ಬೇಡ. ಬಂದು ಮ್ಯಾನೇಜರ ಮೇಜಿನೆದುರು ನಿಂತು, ನನಗೆ ಕಾಣಲಿಲ್ಲ, ಆದರೂ ಸಹಿ ಹಾಕಿದೆ ಎಂದು ಬಾಯಿಬಿಟ್ಟು ಹೇಳಿ. ಬೇರೆ ಕಡೆ ದುಡಿಯುವವರಾದರೆ, ನಾಳೆ ನಿಮ್ಮನ್ನೂ ಇಂಥ ಕೋಣೆಯಲ್ಲಿ ಕೂರಿಸುತ್ತಾರೆ, ಹೊರಡುವಾಗ ಪೆನ್ನು ಕೊಡುತ್ತಾರೆ. ಆಗ ಆ ಪೆನ್ನು ಕೆಳಗಿಡಿ. "ನಂಗೆ ಕಾಣಿಸಲಿಲ್ಲ, ಕಾಣೋ ಹಾಗೆ ಬರ್ಕೊಂಡು ಬನ್ನಿ, ಆಮೇಲೆ ಸಹಿ" ಅನ್ನಿ. ಅನ್ನುತ್ತೀರೋ ಇಲ್ಲವೋ?